ಆಟಕ್ಕೆ ಉಳಿದ ಕಥೆ, ಅಟ್ಟ ಸೇರಿದ ಕಾವ್ಯ

ಮರೆತುಹೋದ ಸಾಹಿತ್ಯಕೃತಿಯೆಂದರೆ ಯಾವುದೋ ಮಠದ ಮೂಲೆಯಲ್ಲಿ ಗೆದ್ದಲು ತಿನ್ನುತ್ತಿರುವ ಓಲೆಗರಿಯ ಕಟ್ಟು, ಅದನ್ನು ವಿದ್ವಾಂಸರೊಬ್ಬರು ಹೊರತೆಗೆದು ಸಂಪಾದಿಸುವವರೆಗೆ ಲೋಕಕ್ಕೆ ಅದರ ಸುಳಿವೇ ಇರುವುದಿಲ್ಲ ಎಂಬ ಕಲ್ಪನೆ ಸಾಹಿತ್ಯಚರಿತ್ರೆಯನ್ನು ಓದಿದವರಲ್ಲಿ ಬೇರೂರಿದೆ. ಆದರೆ ಎಲ್ಲರಿಗೂ ಹೆಸರು ಗೊತ್ತಿರುವ, ಪಾತ್ರಗಳು ಬಾಯಲ್ಲಿ ಆಡುತ್ತಿರುವ, ಅಚ್ಚಾದ ಪ್ರತಿ ಊರಿನ ಗ್ರಂಥಾಲಯದ ಕಪಾಟಿನಲ್ಲೇ ಇರಬಹುದಾದ ಕೃತಿಯೂ ಓದುಗರಿಲ್ಲದೆ ಮರೆಯಾಗಬಲ್ಲದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳವರಿಗೆ ಇಂಥ ಮರೆವಿನ ಅತ್ಯಂತ ಸ್ಪಷ್ಟವಾದ ನಿದರ್ಶನ ತಮ್ಮದೇ ಜಿಲ್ಲೆಯಲ್ಲಿ ಸಿಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಮುಗಿದು ಬಯಲುಸೀಮೆ ಹರಡಿಕೊಳ್ಳುವ ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶ ಕವಿಯ ಊರೆಂದು ಬಹುಮಟ್ಟಿಗೆ ಒಪ್ಪಿತವಾಗಿದ್ದು, ಅವನು ಬರೆದ ‘ಜೈಮಿನಿ ಭಾರತ’ ಕನ್ನಡದ ಅತಿ ದೊಡ್ಡ ಅದ್ಭುತಕಥನಗಳಲ್ಲಿ ಒಂದಾಗಿಯೂ ಇಂದು ಆ ದೃಷ್ಟಿಯಿಂದ ಯಾರೂ ಕೈಗೆತ್ತಿಕೊಳ್ಳದ ಕಾವ್ಯವಾಗಿದೆ.

ಅದ್ಭುತಕಥನವೆಂಬ ಮಾತನ್ನು ಇಲ್ಲಿ ನಿರ್ದಿಷ್ಟವಾದ ಅರ್ಥದಲ್ಲಿ ಬಳಸಲಾಗಿದೆ. ಇಂಗ್ಲಿಷಿನಲ್ಲಿ ‘ಎಪಿಕ್ ಫ್ಯಾಂಟಸಿ’ ಎಂದು ಕರೆಯುವ ಪ್ರಕಾರದಲ್ಲಿ ಒಂದು ದೀರ್ಘ ಪ್ರಯಾಣವಿರುತ್ತದೆ, ಅದರ ದಾರಿಯಲ್ಲಿ ಒಂದೊಂದಕ್ಕೂ ತನ್ನದೇ ನಿಯಮವಿರುವ ಹಲವು ರಾಜ್ಯಗಳಿರುತ್ತವೆ, ಮಾಯೆ ಮಂತ್ರ ಶಾಪಗಳು ಅಲ್ಲಿನ ದೈನಂದಿನ ವ್ಯವಹಾರದ ಭಾಗವಾಗಿರುತ್ತವೆ, ಮತ್ತು ಒಬ್ಬನ ಸಾಹಸಕ್ಕಿಂತ ಒಂದು ಲೋಕದ ಭವಿಷ್ಯವೇ ಪಣಕ್ಕೆ ಬಿದ್ದಿರುತ್ತದೆ. 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಈ ಪ್ರಕಾರಕ್ಕೆ ಮಾದರಿಯಾದ ಮೇಲೆ, ಯುರೋಪಿನ ಕೋಟೆ ಕಾಡುಗಳಿಂದ ಬೇಸತ್ತ ಕೆಲವು ಲೇಖಕರು ಏಷ್ಯಾದ ಕಥಾಭಂಡಾರದ ಕಡೆಗೆ ತಿರುಗಿದರು. ಅಮೆರಿಕದ ಬ್ಯಾರಿ ಹ್ಯೂಗರ್ಟ್ 1984ರಲ್ಲಿ ಪ್ರಕಟಿಸಿದ ‘ಬ್ರಿಜ್ ಆಫ್ ಬರ್ಡ್ಸ್’ ಇತಿಹಾಸದಲ್ಲಿ ಎಂದೂ ಇರದಿದ್ದ ಪ್ರಾಚೀನ ಚೀನಾವೊಂದನ್ನು ಕಟ್ಟಿಕೊಟ್ಟು, ಮರುವರ್ಷ ವಿಶ್ವ ಫ್ಯಾಂಟಸಿ ಪ್ರಶಸ್ತಿಯನ್ನು ಪಡೆದು, ಇನ್ನೆರಡು ಕಾದಂಬರಿಗಳಿಗೆ ದಾರಿಮಾಡಿಕೊಟ್ಟರೂ, ಆಮೇಲೆ ಅದನ್ನು ಉಳಿಸಿಕೊಂಡವರು ಕೈಯಿಂದ ಕೈಗೆ ದಾಟಿಸಿದ ಓದುಗರು ಮಾತ್ರ. ದೂರದ ಏಷ್ಯಾವನ್ನು ಕಲ್ಪಿಸಿಕೊಂಡು ಬರೆದ ಪುಸ್ತಕಕ್ಕೆ ಇಷ್ಟು ನಿಷ್ಠೆಯ ಓದುಗರು ಸಿಕ್ಕಿರುವಾಗ, ಏಷ್ಯಾದ ನಡುವೆಯೇ ಹುಟ್ಟಿದ ಇಂಥದೇ ಕಥನವನ್ನು ಅದರ ಭಾಷೆಯವರು ಭಕ್ತಿಕಾವ್ಯವೆಂಬ ಒಂದೇ ಚೀಟಿ ಅಂಟಿಸಿ ಮೇಲಿಟ್ಟುಬಿಟ್ಟಿರುವುದು ವಿಚಾರಮಾಡಬೇಕಾದ ಸಂಗತಿ.

ಲಕ್ಷ್ಮೀಶನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹದಿನಾರನೆಯ ಶತಮಾನವೆಂಬ ಅಭಿಪ್ರಾಯಕ್ಕೆ ಹೆಚ್ಚು ಬೆಂಬಲವಿದೆ. ಊರಿನ ವಿಷಯದಲ್ಲಿಯೂ ಸುರಪುರದ ಪರವಾಗಿ ವಾದಿಸಿದವರಿದ್ದಾರೆ, ಆದರೆ ಕವಿಯ ಆರಾಧ್ಯದೈವವಾದ ದೇವಪುರದ ಲಕ್ಷ್ಮೀರಮಣನನ್ನು ದೇವನೂರಿನ ದೇವಾಲಯದೊಡನೆ ಗುರುತಿಸುವುದು ವಾಡಿಕೆ. ಕಾವ್ಯವು 34 ಸಂಧಿಗಳಲ್ಲಿ, ಅಂದರೆ ಅಧ್ಯಾಯಗಳಲ್ಲಿ, 1,907 ಪದ್ಯಗಳಾಗಿ ಹರಡಿಕೊಂಡಿದ್ದು, ಉದ್ದಕ್ಕೂ ವಾರ್ಧಕ ಷಟ್ಪದಿಯಲ್ಲಿದೆ. ಷಟ್ಪದಿಯೆಂದರೆ ಆರು ಸಾಲಿನ ಪದ್ಯ. ವಾರ್ಧಕದಲ್ಲಿ ಐದೈದು ಮಾತ್ರೆಗಳ ಗಣಗಳು ನಡೆದು, ಒಂದು ಎರಡು ನಾಲ್ಕು ಐದನೆಯ ಸಾಲುಗಳಲ್ಲಿ ನಾಲ್ಕು ಗಣಗಳೂ, ಮೂರು ಮತ್ತು ಆರನೆಯ ಸಾಲುಗಳಲ್ಲಿ ಆರು ಗಣಗಳ ಮೇಲೊಂದು ಗುರುವೂ ಬರುತ್ತವೆ. ಲೆಕ್ಕ ಹಾಕಿದರೆ ಒಂದು ಪದ್ಯಕ್ಕೆ 144 ಮಾತ್ರೆಗಳಾಗುತ್ತವೆ; ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ ಇರುವುದು 102. ಈ 42 ಮಾತ್ರೆಗಳ ಅಂತರವೇ ಎರಡು ಕಾವ್ಯಗಳ ನಡೆಯನ್ನು ಬೇರೆಮಾಡುತ್ತದೆ: ಭಾಮಿನಿ ಮಾತಿನ ಚುರುಕಿಗೆ, ಜಗಳಕ್ಕೆ, ಚುಚ್ಚುನುಡಿಗೆ ಒದಗಿದರೆ, ವಾರ್ಧಕವು ಒಂದು ದೃಶ್ಯವನ್ನು ಅಂಚಿನಿಂದ ಅಂಚಿಗೆ ತುಂಬಿಸಿ ತೋರಿಸುವುದಕ್ಕೆ ಬೇಕಾದಷ್ಟು ಜಾಗವನ್ನು ಕವಿಗೆ ಕೊಡುತ್ತದೆ. ನಗರ, ಸೇನೆ, ಕೊಳ, ಉಪವನಗಳನ್ನು ವರ್ಣಿಸುವಾಗ ಲಕ್ಷ್ಮೀಶನು ಈ ಜಾಗವನ್ನು ಕೆಲವೊಮ್ಮೆ ಅತಿಯಾಗಿ ಬಳಸಿಕೊಳ್ಳುತ್ತಾನೆ ಎಂಬುದನ್ನು ಒಪ್ಪಬೇಕು. ಅವನಿಗೆ ‘ಉಪಮಾಲೋಲ’ ಎಂಬ ಬಿರುದು ಬಂದದ್ದು ಸುಮ್ಮನೆ ಅಲ್ಲ.

ಕಥೆಯ ಮೂಲ ಸಂಸ್ಕೃತದ್ದು. ವ್ಯಾಸರ ಶಿಷ್ಯನಾದ ಜೈಮಿನಿಯ ಹೆಸರಿನಲ್ಲಿ ಪ್ರಚಲಿತವಾಗಿರುವ ಅಶ್ವಮೇಧಪರ್ವವು ಮಹಾಭಾರತದ ಹದಿನಾಲ್ಕನೆಯ ಪರ್ವದ ಕಥೆಯನ್ನೇ ಹೇಳಿದರೂ, ವ್ಯಾಸಭಾರತದಲ್ಲಿ ಇಲ್ಲದ ಹತ್ತಾರು ರಾಜರನ್ನೂ ಊರುಗಳನ್ನೂ ವಿಸ್ಮಯಗಳನ್ನೂ ತಂದು ಸೇರಿಸುತ್ತದೆ. ಈ ಪಾಠದ ಜನಪ್ರಿಯತೆ ಎಷ್ಟಿತ್ತೆಂದರೆ, ಅಕ್ಬರ್ ಬಾದಶಹನು 1580ರ ದಶಕದಲ್ಲಿ ಮಹಾಭಾರತವನ್ನು ಪಾರಸಿಗೆ ತರಿಸಿ ‘ರಜ್ಮನಾಮಾ’ ಎಂದು ಹೆಸರಿಟ್ಟಾಗ, ಅಶ್ವಮೇಧಪರ್ವಕ್ಕೆ ವ್ಯಾಸರ ಪಾಠವನ್ನು ಬಿಟ್ಟು ಜೈಮಿನಿಯ ಪಾಠವನ್ನೇ ಬಳಸಲಾಯಿತು. 1598ರ ಸುಮಾರಿಗೆ ಸಿದ್ಧವಾದ ಅದರ ಒಂದು ಸಚಿತ್ರ ಪ್ರತಿಯ ಕೊನೆಯ ಐದು ಪರ್ವಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ತೆಲುಗಿನಲ್ಲಿ ಪಿಲ್ಲಲಮರ್ರಿ ಪಿನವೀರಭದ್ರನು ಹದಿನೈದನೆಯ ಶತಮಾನದಲ್ಲಿಯೇ ಇದನ್ನು ಕಾವ್ಯವಾಗಿಸಿ ಸಾಳುವ ನರಸಿಂಹನಿಗೆ ಅರ್ಪಿಸಿದ್ದನು. ಹೀಗೆ ದೇವನೂರಿನ ಕವಿ ಕೈಹಾಕಿದ್ದು ಮೊಗಲ್ ಆಸ್ಥಾನದ ಚಿತ್ರಕಾರರಿಂದ ಹಿಡಿದು ಆಂಧ್ರದ ಕವಿಗಳವರೆಗೆ ಹಲವರನ್ನು ಸೆಳೆದ ಕಥಾವಸ್ತುವಿಗೆ. ಆದರೆ ಅದು ಒಂದು ನಾಡಿನ ಮನೆಮನೆಯ ಪುಸ್ತಕವಾಗಿ ಬೆಳೆದದ್ದರಲ್ಲಿ ಕನ್ನಡದ ಪಾಲು ದೊಡ್ಡದು.

ಆ ಕಥೆಯ ಹಂದರ ಸರಳವಾಗಿದೆ. ಕುರುಕ್ಷೇತ್ರದ ಯುದ್ಧ ಮುಗಿದಿದೆ. ಬಂಧುಗಳನ್ನು ಕೊಂದ ಪಾಪದಿಂದ ಕೊರಗುತ್ತಿರುವ ಧರ್ಮರಾಯನಿಗೆ ವ್ಯಾಸರು ಅಶ್ವಮೇಧವನ್ನು ಸೂಚಿಸುತ್ತಾರೆ. ಯಾಗಕ್ಕೆ ತಕ್ಕ ಕುದುರೆ ಇರುವುದು ಭದ್ರಾವತಿಯ ಯೌವನಾಶ್ವನಲ್ಲಿ. ಅದನ್ನು ತರಲು ಭೀಮನೊಡನೆ ಹೊರಡುವವರು ಕರ್ಣನ ಮಗ ವೃಷಕೇತು ಮತ್ತು ಘಟೋತ್ಕಚನ ಮಗ ಮೇಘವರ್ಣ. ಒಬ್ಬನ ತಂದೆ ಪಾಂಡವರ ಕೈಯಲ್ಲಿ ಸತ್ತವನು, ಇನ್ನೊಬ್ಬನ ತಂದೆ ಪಾಂಡವರಿಗಾಗಿ ಸತ್ತವನು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಈ ಇಬ್ಬರು ತರುಣರನ್ನು ಒಂದೇ ಪಯಣಕ್ಕೆ ಜೋಡಿಸಿರುವುದರಲ್ಲಿಯೇ ಕಥೆಯ ಒಲವು ಯಾವ ಕಡೆಗಿದೆಯೆಂಬುದು ತಿಳಿಯುತ್ತದೆ. ಮೇಘವರ್ಣನು ಮಾಯೆಯ ಕತ್ತಲನ್ನು ಕವಿಸಿ ಕುದುರೆಯನ್ನು ಎತ್ತಿಕೊಂಡು ಆಕಾಶಕ್ಕೆ ಹಾರುವಲ್ಲಿಂದ ಅದ್ಭುತದ ಬಾಗಿಲು ತೆರೆದುಕೊಳ್ಳುತ್ತದೆ. ಆಮೇಲೆ ಕುದುರೆ ತನ್ನ ಇಷ್ಟದಂತೆ ನಡೆಯುತ್ತದೆ, ಅದರ ಹಿಂದೆ ಅರ್ಜುನ, ಅರ್ಜುನನ ಹಿಂದೆ ಸೇನೆ. ದಾರಿಯನ್ನು ನಿರ್ಧರಿಸುವುದು ನಾಯಕನಲ್ಲ, ಒಂದು ಪ್ರಾಣಿ. ಗಂಡನ ಮಾತಿಗೆ ಸದಾ ವಿರುದ್ಧ ನಡೆದು, ಉದ್ದಾಲಕನ ಶಾಪದಿಂದ ಕಲ್ಲಾಗಿ ಬಿದ್ದಿರುವ ಚಂಡಿಯ ಬಂಡೆಗೆ ಅದು ಅಂಟಿಕೊಳ್ಳುತ್ತದೆ. ಒಂದು ಕೊಳದ ನೀರು ಕುಡಿದು ಹೆಣ್ಣುಗುದುರೆಯಾಗುತ್ತದೆ, ಮುಂದಿನ ಕೊಳದಲ್ಲಿ ಹುಲಿಯಾಗುತ್ತದೆ. ಪ್ರಮೀಳೆ ಆಳುವ, ಗಂಡಸರೇ ಇಲ್ಲದ ಸ್ತ್ರೀರಾಜ್ಯದಲ್ಲಿ ಕಟ್ಟಿಹಾಕಲ್ಪಡುತ್ತದೆ.

ಈ ಪ್ರಸಂಗಗಳು ಬಿಡಿಬಿಡಿಯಾಗಿವೆ, ಕಾವ್ಯಕ್ಕೆ ಬಂಧವೇ ಇಲ್ಲ ಎಂಬ ಆಕ್ಷೇಪಣೆ ಹಳೆಯದು. ಅದು ಪೂರ್ತಿ ನಿಜವಲ್ಲವೆಂಬುದಕ್ಕೆ ಜ್ವಾಲೆಯ ಕಥೆ ಸಾಕು. ಮಾಹಿಷ್ಮತಿಯ ನೀಲಧ್ವಜನ ಹೆಂಡತಿಯಾದ ಜ್ವಾಲೆ, ಅರ್ಜುನನೊಡನೆ ಸಂಧಿ ಮಾಡಿಕೊಂಡ ಗಂಡನ ಮೇಲೆ ಸಿಟ್ಟಾಗಿ ಮನೆ ಬಿಟ್ಟು, ಅಣ್ಣ ಉನ್ಮುಖನಲ್ಲಿಗೆ ಹೋಗಿ ಅರ್ಜುನನ ಮೇಲೆ ಯುದ್ಧಮಾಡೆಂದು ಕೇಳುತ್ತಾಳೆ, ಅವನು ಒಪ್ಪುವುದಿಲ್ಲ. ಅಲ್ಲಿಂದ ಹೊರಟವಳು ಗಂಗೆಯನ್ನು ದಾಟುವಾಗ ನೀರು ಕಾಲಿಗೆ ತಾಗಿದ್ದಕ್ಕೆ, ಮಕ್ಕಳಿಲ್ಲದವಳ ನೀರು ಸೋಕಿ ತನಗೆ ಪಾಪ ಬಂತೆಂದು ಗಂಗೆಯನ್ನೇ ಹೀಯಾಳಿಸುತ್ತಾಳೆ. ಏಳು ಮಕ್ಕಳನ್ನು ತಾನೇ ಮುಳುಗಿಸಿದ ಗಂಗೆಗೆ ಉಳಿದಿದ್ದವನು ಭೀಷ್ಮನೊಬ್ಬನೇ, ಅವನನ್ನು ಕೊಂದವನು ಅರ್ಜುನ. ಕೆರಳಿದ ಗಂಗೆ ಅರ್ಜುನನ ತಲೆ ಆರು ತಿಂಗಳಲ್ಲಿ ಉರುಳಲೆಂದು ಶಪಿಸುತ್ತಾಳೆ. ಜ್ವಾಲೆ ಬೆಂಕಿಗೆ ಬಿದ್ದು ಬಾಣವಾಗಿ ಮಣಿಪುರದ ಬಭ್ರುವಾಹನನ ಬತ್ತಳಿಕೆಯನ್ನು ಸೇರುತ್ತಾಳೆ. ಮುಂದೆ ಎಷ್ಟೋ ಸಂಧಿಗಳು ಕಳೆದ ಮೇಲೆ, ತಂದೆಯೆಂದು ತಿಳಿದು ಕಾಣಿಕೆಯೊಡನೆ ಕಾಲಿಗೆ ಬೀಳಲು ಬಂದ ಬಭ್ರುವಾಹನನನ್ನು ಅರ್ಜುನ ಹೀನಾಯವಾಗಿ ಬೈದು ಒದ್ದಾಗ, ಮಗನ ಬತ್ತಳಿಕೆಯಲ್ಲಿ ಯಾವ ಬಾಣ ಕಾದಿದೆಯೆಂಬುದು ಓದುಗನಿಗೆ ಗೊತ್ತಿರುತ್ತದೆ, ಅರ್ಜುನನಿಗೆ ಗೊತ್ತಿರುವುದಿಲ್ಲ. ಒಂದು ಊರಿನ ಹೆಂಗಸಿನ ಕೋಪವನ್ನು ಇನ್ನೊಂದು ಊರಿನ ಮಗನ ಅವಮಾನದ ಹೊತ್ತಿಗೆ ಸರಿಯಾಗಿ ತಂದು ಮುಟ್ಟಿಸುವ ಈ ಹೆಣಿಗೆ ಇಂದಿನ ಯಾವ ಕಾದಂಬರಿಕಾರನಿಗೂ ಅಸೂಯೆ ಹುಟ್ಟಿಸಬಲ್ಲದು.

ಬಿಡಿ ದೃಶ್ಯಗಳಲ್ಲಿ ಕವಿಯ ಕೈ ಎಷ್ಟು ಪಳಗಿದೆಯೆಂಬುದನ್ನು ಚಂಪಕಾಪುರದ ಸುಧನ್ವನ ಪ್ರಸಂಗ ತೋರಿಸುತ್ತದೆ. ಅಲ್ಲಿನ ದೊರೆ ಹಂಸಧ್ವಜನು ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ಸಾರಿಸುತ್ತಾನೆ. ತಡವಾಗಿ ಬರುವವನು ಅವನ ಮಗನೇ. ತಡಕ್ಕೆ ಕಾರಣ ಹೇಡಿತನವಲ್ಲ, ಯುದ್ಧಕ್ಕೆ ಹೋಗುವ ಮುನ್ನ ತನಗೊಂದು ಸಂತಾನವನ್ನು ಕೊಟ್ಟು ಹೋಗೆಂದು ಬೇಡಿದ ಹೆಂಡತಿ ಪ್ರಭಾವತಿ. ತಂದೆ ಹಿಂದೆಮುಂದೆ ನೋಡಿದರೂ, ಕೊಟ್ಟ ಮಾತಿಗೆ ತಪ್ಪಬಾರದೆಂದು ಪುರೋಹಿತರಾದ ಶಂಖ ಲಿಖಿತರು ಬಿಡುವುದಿಲ್ಲ. ಸುಧನ್ವನು ಕೃಷ್ಣನನ್ನು ನೆನೆಯುತ್ತ ಎಣ್ಣೆಗೆ ಇಳಿಯುತ್ತಾನೆ, ಅವನಿಗೆ ಏನೂ ಆಗುವುದಿಲ್ಲ. ಎಣ್ಣೆ ನಿಜವಾಗಿ ಕಾದಿಲ್ಲವೆಂದು ಅನುಮಾನಿಸಿ ಪುರೋಹಿತರು ಒಂದು ತೆಂಗಿನಕಾಯನ್ನು ಹಾಕಿಸುತ್ತಾರೆ. ಕಾಯಿ ಕಾವಿಗೆ ಸಿಡಿದು ಎರಡು ಹೋಳಾಗಿ, ಒಂದು ಹೋಳು ಶಂಖನ ಹಣೆಗೂ ಇನ್ನೊಂದು ಲಿಖಿತನ ಹಣೆಗೂ ಬಡಿಯುತ್ತದೆ. ಭಕ್ತಿಯ ಮಹಿಮೆಯನ್ನು ಹೇಳುವ ಪ್ರಸಂಗದ ನಡುವೆ, ಶಾಸ್ತ್ರವನ್ನು ಪಟ್ಟುಹಿಡಿದ ಪಂಡಿತರಿಗೆ ಇಂಥ ಏಟು ಬೀಳುವುದನ್ನು ಕೇಳಿ ನಕ್ಕ ಕೇಳುಗರು ಎಷ್ಟು ತಲೆಮಾರಿನವರೋ! ಬೆಂಕಿಯ ಕಾವು, ತಂದೆಯ ಸಂಕಟ, ನಗೆ ಮೂರನ್ನೂ ಒಂದೇ ಕೊಪ್ಪರಿಗೆಯ ಸುತ್ತ ನಿಲ್ಲಿಸುವ ಈ ಕಲೆ ಅಲಂಕಾರಗಳ ಪಟ್ಟಿಯಿಂದ ಅಳೆಯುವಂಥದಲ್ಲ.

ಮುಂದಿನ ಯುದ್ಧದಲ್ಲಿ ಸುಧನ್ವನನ್ನು ಗೆಲ್ಲಲು ಅರ್ಜುನನ ಬಾಣಗಳಿಗೆ ಕೃಷ್ಣ ತನ್ನ ಪುಣ್ಯವನ್ನೇ ತುಂಬಬೇಕಾಗುತ್ತದೆ. ಬಭ್ರುವಾಹನನ ಕೈಯಲ್ಲಿ ಅರ್ಜುನನೂ ವೃಷಕೇತುವೂ ಸಾಯುತ್ತಾರೆ. ಅವರು ಬದುಕಿ ಬರಬೇಕಾದರೆ ಪಾತಾಳದ ನಾಗಲೋಕದಿಂದ ಸಂಜೀವಕ ಮಣಿ ಬರಬೇಕು. ರತ್ನಪುರದಲ್ಲಿ ಮಯೂರಧ್ವಜನ ಮಗ ತಾಮ್ರಧ್ವಜನು ಪಾಂಡವಸೇನೆಯನ್ನು ಕಂಗೆಡಿಸುತ್ತಾನೆ. ಮಯೂರಧ್ವಜನೋ ಬ್ರಾಹ್ಮಣವೇಷದ ಕೃಷ್ಣ ಕೇಳಿದನೆಂದು ತನ್ನ ಅರ್ಧ ದೇಹವನ್ನು ಹೆಂಡತಿ ಮಕ್ಕಳಿಂದಲೇ ಗರಗಸದಲ್ಲಿ ಕೊಯ್ಯಿಸಿಕೊಳ್ಳಲು ಕೂರುತ್ತಾನೆ. ಎಡಗಣ್ಣಿನಿಂದ ನೀರು ಹನಿಯುವುದನ್ನು ಕಂಡು ಕೃಷ್ಣ ದಾನ ಬೇಡವೆಂದಾಗ, ದಾನಕ್ಕೆ ಒದಗಿದ ಬಲಭಾಗದ ಭಾಗ್ಯ ತನಗಿಲ್ಲವಲ್ಲ ಎಂದು ಎಡಭಾಗ ಅಳುತ್ತಿದೆಯೆಂಬ ಉತ್ತರ ಬರುತ್ತದೆ. ಸಾರಸ್ವತಪುರದ ವೀರವರ್ಮನಿಗೆ ಸಾಕ್ಷಾತ್ ಯಮನೇ ಅಳಿಯ. ಕುರುಕ್ಷೇತ್ರವನ್ನು ಗೆದ್ದು ಬಂದವರು ಹೆಸರು ಕೇಳದ ಊರುಗಳ ಮುಂದೆ ಒಂದಾದ ಮೇಲೊಂದು ಸೋಲುತ್ತ ಹೋಗುವುದೇ ಈ ಕಾವ್ಯದ ಒಳಗಿನ ಕಥೆ. ಚಕ್ರವರ್ತಿಯ ಕುದುರೆ ಹಾದುಹೋದ ದಾರಿಯಲ್ಲಿದ್ದ ಸಣ್ಣ ರಾಜ್ಯಗಳ ದೊರೆಗಳಿಗೆ, ಅವರ ಮನೆಯ ಹೆಂಗಸರಿಗೆ, ಹದಿಹರೆಯದ ಮಕ್ಕಳಿಗೆ ಇಷ್ಟು ಮರ್ಯಾದೆ ಕೊಟ್ಟ ಇನ್ನೊಂದು ದೊಡ್ಡ ಕಾವ್ಯ ಕನ್ನಡದಲ್ಲಿ ಕಡಿಮೆ.

ಆ ಸಣ್ಣ ರಾಜ್ಯಗಳನ್ನು ಕನ್ನಡಿಗರು ತಮ್ಮ ನೆಲದ ಮೇಲೆಯೇ ಗುರುತಿಸಿಕೊಂಡದ್ದು ಇನ್ನೂ ಸ್ವಾರಸ್ಯದ ಸಂಗತಿ. ಗುಬ್ಬಿ ತಾಲ್ಲೂಕಿನ ಸಂಪಿಗೆಯೇ ಸುಧನ್ವನ ಚಂಪಕಾಪುರ, ಸೊರಬ ತಾಲ್ಲೂಕಿನ ಕುಪ್ಪಟೂರೇ ಇದೇ ಕಾವ್ಯದ ಚಂದ್ರಹಾಸ ಆಳಿದ ಕುಂತಳ ನಗರ, ಬಭ್ರುವಾಹನನ ಮಣಿಪುರ ಇದ್ದದ್ದು ಚಾಮರಾಜನಗರದ ಬಳಿ ಎಂಬ ಐತಿಹ್ಯಗಳು, ಅಂದರೆ ಜನರ ಬಾಯಲ್ಲಿ ಇತಿಹಾಸವಾಗಿ ಉಳಿದ ನಂಬಿಕೆಗಳು, ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ಎಲ್. ರೈಸ್ ಮೈಸೂರು ಗೆಜೆಟಿಯರನ್ನು ಬರೆಯುವ ಹೊತ್ತಿಗೆ ಅದರ ಪುಟಗಳಲ್ಲಿ ದಾಖಲಾಗುವಷ್ಟು ಗಟ್ಟಿಯಾಗಿದ್ದವು. ಟೋಲ್ಕಿನ್ ತನ್ನ ಲೋಕಕ್ಕೆ ನಕಾಶೆಯನ್ನು ತಾನೇ ಬರೆಯಬೇಕಾಯಿತು. ಲಕ್ಷ್ಮೀಶನ ಲೋಕಕ್ಕೆ ನಕಾಶೆ ಬರೆದವರು ಅವನ ಕೇಳುಗರು. ಶೃಂಗೇರಿ ತಾಲ್ಲೂಕಿನ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನಿಗೆ ಮಳೆಗಾಗಿ ಹರಕೆ ಹೊರುವ, ಪುರಾಣದ ಮುನಿಯನ್ನು ಊರಿನ ಹಿರಿಯನಂತೆ ಕಾಣುವ ಸೀಮೆಯವರಿಗೆ ಇದರಲ್ಲಿ ಅಚ್ಚರಿಪಡುವಂಥದೇನೂ ತೋರಲಾರದು.

ಇಂಥ ಕೃತಿಯ ಖ್ಯಾತಿಯ ಏರಿಳಿತವನ್ನು ಎರಡು ಇಸವಿಗಳಲ್ಲಿ ಹಿಡಿಯಬಹುದು. 1852ರಲ್ಲಿ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಬೆಂಗಳೂರಿನಲ್ಲಿ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ ಅಚ್ಚು ಹಾಕಿಸಿದಾಗ, ಮುಖಪುಟದಲ್ಲಿಯೇ ಅದನ್ನು ಕನ್ನಡದ ಪ್ರಖ್ಯಾತ ಕಾವ್ಯವೆಂದು ಕರೆದನು. ಆ ಹೊತ್ತಿಗೆ, ಕ್ರಿ.ಶ. 941ರಲ್ಲಿ ಪಂಪ ಬರೆದ ‘ವಿಕ್ರಮಾರ್ಜುನ ವಿಜಯ’ವನ್ನು ಅಚ್ಚಿನಲ್ಲಿ ಕಂಡವರು ಯಾರೂ ಇರಲಿಲ್ಲ, ರೈಸ್ ಅದನ್ನು ಹೊರತಂದದ್ದು 1898ರಲ್ಲಿ. ಅಂದರೆ ವಿಕ್ಟೋರಿಯಾ ರಾಣಿಯ ಕಾಲದ ಸಾಕ್ಷರ ಕನ್ನಡಿಗನಿಗೆ ದೊಡ್ಡ ಕವಿಯೆಂದರೆ ಲಕ್ಷ್ಮೀಶ, ಪಂಪ ಬರಿಯ ಹೆಸರು. ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಶಬ್ದಪ್ರಯೋಗಕ್ಕೆ ಉದಾಹರಣೆಯಾಗಿ ಜೈಮಿನಿ ಭಾರತ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೂ ಇದೇ ಹಿನ್ನೆಲೆ. ಇಪ್ಪತ್ತನೆಯ ಶತಮಾನದ ನವೋದಯ ವಿಮರ್ಶೆಯೂ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಗಳೂ ಹಳಗನ್ನಡವನ್ನು ಮರಳಿ ಪಡೆದ ಉತ್ಸಾಹದಲ್ಲಿ ಪಂಪ ರನ್ನರನ್ನು ಶಿಖರಕ್ಕೇರಿಸಿ, ನಡುಗನ್ನಡದ ಪ್ರತಿನಿಧಿಯಾಗಿ ಕುಮಾರವ್ಯಾಸನನ್ನು ಆರಿಸಿಕೊಂಡು, ಲಕ್ಷ್ಮೀಶನನ್ನು ನಾದಲೋಲನೆಂದು ಬೆನ್ನು ತಟ್ಟಿ ಪಕ್ಕಕ್ಕೆ ಕೂರಿಸಿದವು. ಪಂಪನನ್ನು ಪಡೆದದ್ದು ದೊಡ್ಡ ಲಾಭವೇ. ಆದರೆ ಅದಕ್ಕೆ ಲಕ್ಷ್ಮೀಶನನ್ನು ಕಳೆದುಕೊಳ್ಳಬೇಕಾದ ಅಗತ್ಯವೇನೂ ಇರಲಿಲ್ಲ.

ವಿಮರ್ಶೆಯೊಂದನ್ನೇ ದೂರಿದರೆ ಸಾಲದು, ಓದಿನ ರೀತಿಯೇ ಬದಲಾಯಿತು. ಜೈಮಿನಿ ಭಾರತ ಹುಟ್ಟಿದ್ದು ಒಬ್ಬರು ಕೂತು ಮೌನವಾಗಿ ಓದುವುದಕ್ಕಲ್ಲ, ಒಬ್ಬರು ರಾಗವಾಗಿ ಓದಿ ಹತ್ತು ಜನ ಕೇಳುವುದಕ್ಕೆ. ಈ ವಾಚನಕ್ಕೆ ಗಮಕವೆಂದೂ, ಓದಿದ ಪದ್ಯದ ಅರ್ಥವನ್ನು ಬಿಡಿಸಿ ಹೇಳುವುದಕ್ಕೆ ವ್ಯಾಖ್ಯಾನವೆಂದೂ ಹೆಸರು. ಗಮಕಿ ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು, ಉಪಮೆಯ ಸರಮಾಲೆಯಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು ದನಿಯಿಂದಲೇ ತಿಳಿಸುತ್ತಾನೆ. ಆ ದನಿಯಿಲ್ಲದೆ ವಾರ್ಧಕದ ಉದ್ದ ಸಾಲನ್ನು ಕಣ್ಣಿನಿಂದ ಓದುವವನು ಎರಡನೆಯ ಪುಟಕ್ಕೇ ದಣಿಯುತ್ತಾನೆ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಹೊರಗೆ ಜಡಿಮಳೆ ಹಿಡಿದು ತೋಟ ಗದ್ದೆಗಳ ಕೆಲಸ ನಿಂತ ರಾತ್ರಿಗಳಲ್ಲಿ ಜಗಲಿಯ ಮೇಲೆ ಭಾರತ ರಾಮಾಯಣಗಳನ್ನು ಓದಿಸುವ ರೂಢಿ ಇತ್ತು. ಮಕ್ಕಳಿಗೆ ಅಕ್ಷರ ಕಲಿಸಲೆಂದು ಘಟ್ಟದ ಕೆಳಗಿನಿಂದ ಬಂದು ಮನೆಯಲ್ಲೇ ಉಳಿಯುತ್ತಿದ್ದ, ಕುವೆಂಪು ಅವರ ಬರಹಗಳಿಂದ ಓದುಗರಿಗೆ ಪರಿಚಿತರಾದ ‘ಐಗಳು’ ಇಂಥ ಓದಿಗೆ ಒದಗಿಬರುತ್ತಿದ್ದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು ಹುಟ್ಟಿದ ಕುವೆಂಪು ಮುಂದೆ ಚಂದ್ರಹಾಸನ ಕಥೆಯನ್ನು ನಾಟಕವಾಗಿಸಿದ್ದು ಈ ಪರಂಪರೆಯ ನೆಲದಿಂದಲೇ. ಶೃಂಗೇರಿಯನ್ನೂ ಹರಿಹರಪುರವನ್ನೂ ದಾಟಿ ಹರಿಯುವ ತುಂಗೆಯ ಕೆಳದಂಡೆಯಲ್ಲಿ, ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ, ಗಮಕ ಇನ್ನೂ ಉಸಿರಾಡುತ್ತಿದೆ. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಆದರೆ ಮನೆಮನೆಯ ರೂಢಿಯಾಗಿದ್ದುದು ವೇದಿಕೆಯ ಕಾರ್ಯಕ್ರಮವಾಗಿದೆ, ಜಗಲಿಯ ಪುಸ್ತಕ ಅಟ್ಟ ಸೇರಿದೆ.

ಪುಸ್ತಕ ಮೇಲೆ ಹೋದರೂ ಕಥೆ ಕೆಳಗೇ ಉಳಿಯಿತು, ಉಳಿಸಿದ್ದು ಯಕ್ಷಗಾನ. ಸುಧನ್ವ, ಚಂದ್ರಹಾಸ, ಬಭ್ರುವಾಹನ, ತಾಮ್ರಧ್ವಜ, ಮಯೂರಧ್ವಜ, ಪ್ರಮೀಳೆ ಇವರ ಹೆಸರಿನ ಪ್ರಸಂಗಗಳೆಲ್ಲ ಜೈಮಿನಿ ಭಾರತದ ಸಂಧಿಗಳಿಂದ ಹೊರಟವು. ಪ್ರಸಂಗವೆಂದರೆ ಆಟಕ್ಕೆ ಆಧಾರವಾದ ಹಾಡುಗಳ ಕೃತಿ, ಅದರಲ್ಲಿ ಮಾತು ಬರೆದಿರುವುದಿಲ್ಲ, ಕಲಾವಿದರೇ ರಂಗದ ಮೇಲೆ ಕಟ್ಟಿಕೊಳ್ಳುತ್ತಾರೆ. ಮಳೆ ನಿಂತು ಬಯಲಾಟದ ತಿರುಗಾಟ ಆರಂಭವಾದರೆ ಮಲೆನಾಡಿನ ಊರುಗಳಲ್ಲಿ ಸುಧನ್ವನಿಗೆ ಬರಗಾಲವಿಲ್ಲ. ಅದಕ್ಕಿಂತ ಹೆಚ್ಚಿನದು ತಾಳಮದ್ದಳೆಯಲ್ಲಿ ನಡೆಯುತ್ತದೆ. ಇದರಲ್ಲಿ ವೇಷವೂ ಕುಣಿತವೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ಚೆಂಡೆಗಳು ನಿಂತೊಡನೆ ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿ, ಅಂದರೆ ಪಾತ್ರದ ಪರವಾಗಿ ಮಾತಾಡುವವನು, ಆ ಪದ್ಯವನ್ನು ಆಶುವಾಗಿ ವಿಸ್ತರಿಸುತ್ತಾನೆ. ಸುಧನ್ವನ ಅರ್ಥಧಾರಿ ಎದುರಿಗಿರುವ ಅರ್ಜುನನನ್ನು, ನಿನ್ನ ಸಾರಥಿ ಎಲ್ಲಿ, ಅವನಿಲ್ಲದೆ ನೀನು ಗೆದ್ದ ಯುದ್ಧ ಯಾವುದು ಎಂದು ಕೆಣಕಿ, ಕೃಷ್ಣನನ್ನು ರಣಕ್ಕೆ ಕರೆಸಿಕೊಳ್ಳುವುದಕ್ಕೆಂದೇ ವಾದವನ್ನು ಬೆಳೆಸುವಾಗ, ಕೇಳುಗರು ಬಿಚ್ಚಿದ ಎಲೆಯಡಿಕೆ ಸಂಚಿಯನ್ನು ಹಾಗೆಯೇ ಮರೆತು ಕೂರುತ್ತಾರೆ. ಗೆದ್ದವರ ಅಹಂಕಾರವನ್ನು ಸೋಲಲಿರುವವನು ಮಾತಿನಿಂದ ಸುಲಿಯುವ ಈ ಸಂದರ್ಭ ಲಕ್ಷ್ಮೀಶನ ಕಾವ್ಯದ ತಿರುಳಿಗೆ ನಿಷ್ಠವಾಗಿಯೇ ಇದೆ. ಸಿನಿಮಾ ಕೂಡ ಇದೇ ಬುತ್ತಿಯಿಂದ ಉಂಡಿದೆ: ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿ 1977ರಲ್ಲಿ ತೆರೆಕಂಡ ‘ಬಭ್ರುವಾಹನ’ದಲ್ಲಿ ರಾಜಕುಮಾರ್ ತಂದೆ ಮಗ ಇಬ್ಬರೂ ಆಗಿ ಎದುರುಬದುರು ನಿಂತದ್ದನ್ನು ಇಂದಿಗೂ ಜನ ನೆನೆಯುತ್ತಾರೆ.

ಆಟದಿಂದ ಆದ ಉಪಕಾರದ ಜೊತೆಗೆ ಒಂದು ನಷ್ಟವೂ ಆಯಿತು. ರಂಗಕ್ಕೆ ಒಗ್ಗುವ ಪ್ರಸಂಗಗಳು ಕಾವ್ಯದಿಂದ ಬೇರ್ಪಟ್ಟು ಸ್ವತಂತ್ರವಾಗಿ ಬಾಳತೊಡಗಿದವು, ಒಗ್ಗದವು ಕಣ್ಮರೆಯಾದವು. ಬಭ್ರುವಾಹನನ ಆಟ ನೋಡಿದವರಿಗೆ ಜ್ವಾಲೆ ನೆನಪಿರಬೇಕಾಗಿಲ್ಲ; ಬಾಣದ ಹಿಂದಿನ ಕೋಪ ಕಾಣದೆ ಬರಿಯ ಬಾಣ ಕಾಣುತ್ತದೆ. ಕುದುರೆಯ ಪಯಣದ ಕೊನೆಗೆ ಬರುವ ಬಕದಾಲ್ಭ್ಯ ಮುನಿಯ ಪ್ರಸಂಗವಂತೂ ರಂಗಕ್ಕೆ ಹತ್ತಿದ್ದು ಅಪರೂಪ. ಸಮುದ್ರದ ನಡುವೆ ಕುಳಿತ ಈ ಮುನಿ ಬಿಸಿಲಿಗೆ ತಲೆಯ ಮೇಲೆ ಒಂದು ಒಣಗಿದ ಎಲೆಯನ್ನಷ್ಟೇ ಹಿಡಿದಿದ್ದಾನೆ. ಗುಡಿಸಲನ್ನಾದರೂ ಕಟ್ಟಿಕೊಳ್ಳಬಾರದೇ ಎಂದು ಕೇಳಿದರೆ, ಇಷ್ಟು ಸಣ್ಣ ಆಯುಸ್ಸಿಗೆ ಮನೆಯೇಕೆ ಎನ್ನುತ್ತಾನೆ, ಅವನ ಆಯುಸ್ಸಿನಲ್ಲಿ ಎಷ್ಟೋ ಬ್ರಹ್ಮರು ಬಂದು ಹೋಗಿದ್ದಾರೆ. ತಾನೇ ದೊಡ್ಡವನೆಂದು ಬೀಗಿದ ನಾಲ್ಕು ಮುಖದ ಬ್ರಹ್ಮನನ್ನು ಗಾಳಿಯೊಂದು ಹೊತ್ತೊಯ್ದು ಎಂಟು ಮುಖದ ಬ್ರಹ್ಮನ ಲೋಕಕ್ಕೂ, ಅವರಿಬ್ಬರನ್ನೂ ಹದಿನಾರು ಮುಖದವನ ಲೋಕಕ್ಕೂ ಎಸೆಯುತ್ತ ಹೋಗುವ ಕಥೆ ಜೈಮಿನಿ ಪರಂಪರೆಯಲ್ಲಿ ಈ ಮುನಿಗೇ ಸೇರಿದ್ದು. ಒಂದರೊಳಗೊಂದು ಅಡಗಿದ ಬ್ರಹ್ಮಾಂಡಗಳ ಕಲ್ಪನೆಯನ್ನು ವೈಜ್ಞಾನಿಕ ಕಥೆಗಳಲ್ಲಿ ಓದಿ ಬೆರಗಾಗುವ ಇಂದಿನ ತರುಣ ಓದುಗ ಇದನ್ನು ತನ್ನ ಭಾಷೆಯ ಹಳೆಯ ಪುಸ್ತಕದಲ್ಲಿ ಹುಡುಕಬಹುದೆಂಬುದನ್ನು ಅವನಿಗೆ ಯಾರೂ ಹೇಳಿಲ್ಲ.

ಶಾಲೆಯ ಪಠ್ಯಪುಸ್ತಕ ಮಾಡಿದ್ದು ಇನ್ನೊಂದು ಬಗೆಯ ಸೀಳು. ಬಭ್ರುವಾಹನನ ಯುದ್ಧದ ನಡುವೆ, ತಂದೆ ಮಗ ಕಾದಾಡಿದ್ದು ಹಿಂದೆಯೂ ಉಂಟೇ ಎಂಬ ಪ್ರಶ್ನೆಗೆ ಉತ್ತರವಾಗಿ ಕುಶಲವರ ಕಥೆ ಬರುತ್ತದೆ. ಅದರಲ್ಲಿ ಲಕ್ಷ್ಮಣನು ತುಂಬುಗರ್ಭಿಣಿ ಸೀತೆಯನ್ನು ಕಾಡಿನಲ್ಲಿ ಬಿಟ್ಟು ಹೋಗುವ ಭಾಗವನ್ನು ಹಲವು ತಲೆಮಾರಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದಾರೆ. ಕರುಣಾರಸಕ್ಕೆ ಉದಾಹರಣೆಯೆಂದು ಅದನ್ನು ಕಲಿತವರಿಗೆ ಅದು ಯಾವ ಯುದ್ಧದ ನಡುವೆ, ಯಾವ ಮಗನ ಅವಮಾನದ ಪಕ್ಕದಲ್ಲಿ ನಿಂತಿದೆಯೆಂಬುದು ತಿಳಿಯಲೇ ಇಲ್ಲ. ಹೆಂಡತಿಯನ್ನು ಕಾಡಿಗಟ್ಟಿದ ರಾಮ, ಮಗನನ್ನು ಒದ್ದ ಅರ್ಜುನ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿಟ್ಟು, ಇಬ್ಬರೂ ತಮ್ಮ ಮಕ್ಕಳ ಎದುರು ಸೋಲುವುದನ್ನು ತೋರಿಸುವ ಧೈರ್ಯ ಕವಿಗಿತ್ತು. ಪಠ್ಯ ಕಟ್ಟಿದವರಿಗೆ ಬೇಕಾದದ್ದು ಕಣ್ಣೀರಷ್ಟೇ.

ಕಾವ್ಯದ ಮಿತಿಗಳನ್ನು ಮುಚ್ಚಿಟ್ಟು ಅದನ್ನು ಹೊಗಳುವುದರಿಂದ ಪ್ರಯೋಜನವಿಲ್ಲ. ಯುದ್ಧಗಳ ವರ್ಣನೆ ಒಂದೇ ಅಚ್ಚಿನಲ್ಲಿ ಮರಳಿ ಮರಳಿ ಬರುತ್ತದೆ. ಯಾವ ಸಂಕಟವಿದ್ದರೂ ಕೊನೆಗೆ ಕೃಷ್ಣ ಬಂದು ಬಗೆಹರಿಸುತ್ತಾನೆಂಬುದು ಗೊತ್ತಿರುವುದರಿಂದ ಕುತೂಹಲ ಕೆಲವೆಡೆ ಸಡಿಲವಾಗುತ್ತದೆ. ಮಾತು ಕೇಳದ ಹೆಂಡತಿಯನ್ನು ಕಲ್ಲಾಗಿಸಿ ನಗುವ ಚಂಡಿಯ ಪ್ರಸಂಗವನ್ನು ಇಂದಿನ ಓದುಗರು ಅದೇ ನಗುವಿನಿಂದ ಸ್ವೀಕರಿಸಲಾರರು, ಸ್ವೀಕರಿಸಬೇಕಾಗಿಯೂ ಇಲ್ಲ. ಅದೇ ಕವಿ ಜ್ವಾಲೆಯ ಕೋಪಕ್ಕೆ, ಬಭ್ರುವಾಹನನ ತಾಯಿ ಚಿತ್ರಾಂಗದೆಯ ದುಃಖಕ್ಕೆ, ಪತ್ರದಲ್ಲಿದ್ದ ‘ವಿಷ’ವೆಂಬ ಮಾತನ್ನು ಕಣ್ಣಿನ ಕಾಡಿಗೆಯಿಂದ ತನ್ನ ಹೆಸರಾಗಿ ತಿದ್ದಿ ಚಂದ್ರಹಾಸನನ್ನು ಸಾವಿನಿಂದ ಉಳಿಸಿ ತಾನೇ ವರಿಸುವ ವಿಷಯೆಯ ಜಾಣ್ಮೆಗೆ ತೋರುವ ಆದರವನ್ನು ಪಕ್ಕದಲ್ಲಿಟ್ಟು ತೂಗಬೇಕು. ಇಷ್ಟೆಲ್ಲ ಕಳೆದರೂ ಉಳಿಯುವ ಮೊತ್ತ ದೊಡ್ಡದು: ಕನ್ನಡದ ಅದ್ಭುತಕಥನಕ್ಕೆ ಪೂರ್ವಜರಿಲ್ಲವೆಂದು ತಿಳಿದು ಹೊರಗಿನ ಮಾದರಿಗಳನ್ನೇ ಅನುಕರಿಸುವ ಹೊಸ ಲೇಖಕರಿಗೆ, ಪ್ರಯಾಣದ ಹಂದರದಲ್ಲಿ ಹತ್ತಾರು ಲೋಕಗಳನ್ನು ಕಟ್ಟುವುದು ಹೇಗೆ, ಒಂದು ಶಾಪವನ್ನು ಎಷ್ಟು ದೂರ ಸಾಗಿಸಿ ಎಲ್ಲಿ ಫಲಿಸುವಂತೆ ಮಾಡಬೇಕು, ಭಯದ ಪಕ್ಕದಲ್ಲೇ ನಗೆಯನ್ನು ಹೇಗೆ ಇಡಬೇಕು ಎಂಬುದನ್ನು ಕಲಿಸಬಲ್ಲ ಪುಸ್ತಕ ಕನ್ನಡದಲ್ಲಿಯೇ ಇದೆ.

ಈ ಪುಸ್ತಕವನ್ನು ಮರಳಿ ಪಡೆಯಲು ಸಂಶೋಧನೆಯೂ ಸರ್ಕಾರದ ಯೋಜನೆಯೂ ಬೇಕಾಗಿಲ್ಲ. ತಾತ್ಪರ್ಯಸಹಿತವಾದ ಮುದ್ರಣಗಳಿವೆ, ಪದ್ಯ ಕಷ್ಟವೆನಿಸಿದವರು ತಾತ್ಪರ್ಯದಿಂದ ಆರಂಭಿಸಿ, ಕಥೆ ಹಿಡಿದ ಮೇಲೆ ಪದ್ಯಕ್ಕೆ ಬರಬಹುದು. ಮೊದಲ ಸಂಧಿಯಿಂದಲೇ ಹೊರಡಬೇಕೆಂಬ ಕಟ್ಟಳೆಯೂ ಇಲ್ಲ, ಚಂದ್ರಹಾಸನಿಂದಲೋ ಸುಧನ್ವನಿಂದಲೋ ಹೊಕ್ಕು, ಆಮೇಲೆ ಕುದುರೆಯ ಹಿಂದೆ ಮೊದಲಿನಿಂದ ನಡೆದರಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತಾಳಮದ್ದಳೆ ಕೂಟಗಳು ಸುಧನ್ವನನ್ನೋ ಬಭ್ರುವಾಹನನನ್ನೋ ಇಟ್ಟುಕೊಂಡ ದಿನ, ಭಾಗವತಿಕೆ ಆರಂಭವಾಗುವ ಮುನ್ನ ಲಕ್ಷ್ಮೀಶನ ಅದೇ ಭಾಗದ ಹತ್ತು ಪದ್ಯಗಳನ್ನು ಗಮಕಿಯೊಬ್ಬರಿಂದ ಓದಿಸಿದರೆ ಆಟವೂ ಕಾವ್ಯವೂ ಒಂದೇ ಚಾಪೆಯ ಮೇಲೆ ಕೂಡುತ್ತವೆ. ಮನೆಯಲ್ಲಿ ಓದಲು ಮನಸ್ಸು ಮಾಡುವವರಿಗೆ ಲೆಕ್ಕ ಸುಲಭ: ಸಂಧಿಯೊಂದಕ್ಕೆ ಸರಾಸರಿ 56 ಪದ್ಯಗಳು, ರಾತ್ರಿಗೊಂದು ಸಂಧಿಯಂತೆ ಆಷಾಢದ ಪಾಡ್ಯದಂದು ಹಿಡಿದರೆ 34 ಸಂಧಿಗಳು ಶ್ರಾವಣದ ಮೊದಲ ವಾರದೊಳಗೆ ಮುಗಿಯುತ್ತವೆ, ಆ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಇನ್ನೂ ಬಾಕಿ ಇರುತ್ತದೆ.